ಹಡಗಿನೊಳಗಿನ ಎ.ಸಿ. ಚಳಿ: ಸಮುದ್ರಯಾನಕ್ಕೆ ಹೊರಟವರ ಪ್ರಶ್ನೆಗಳು ಮತ್ತು ಉತ್ತರಗಳು

ಪ್ರಶ್ನೆ (ಬಸವನಗುಡಿಯ ಸದಸ್ಯರು): ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಮನೆಯ ಐದು ಜನ ಸಿಂಗಪುರದಿಂದ ಹೊರಟು ಪೆನಾಂಗ್ ಮತ್ತು ಫುಕೆಟ್ ನೋಡಿಕೊಂಡು ಹಿಂತಿರುಗುವ ನಾಲ್ಕು ರಾತ್ರಿಗಳ ಕ್ರೂಸ್‌ಗೆ ಹೋಗುತ್ತಿದ್ದೇವೆ. ನಮ್ಮ ತಾಯಿಗೆ 72 ವರ್ಷ, ಮಂಡಿನೋವು ಇದೆ. ನಮ್ಮ ಹಳೆಯ ಮನೆಯಲ್ಲಿ ಇಂದಿಗೂ ಫ್ಯಾನ್ ಬಿಟ್ಟರೆ ಬೇರೇನೂ ಇಲ್ಲದ ಕಾರಣ ಅವರಿಗೆ ಎ.ಸಿ. ಅಭ್ಯಾಸವೇ ಇಲ್ಲ. ಹೋದ ವರ್ಷ ಇದೇ ದಾರಿಯಲ್ಲಿ ಹೋಗಿಬಂದ ನಮ್ಮ ಭಾವನವರು, ಊಟದ ಹಾಲಿನಲ್ಲಿ ಅಕ್ಕ ಪ್ರತಿದಿನವೂ ಶಾಲು ಹೊದ್ದುಕೊಂಡೇ ಊಟ ಮಾಡಬೇಕಾಯಿತು ಎಂದು ಹೇಳಿದ ಮೇಲೆ ಅಮ್ಮನಿಗೆ ಭಯ ಹಿಡಿದಿದೆ. ಹೊರಗೆ ಅಷ್ಟು ಸೆಕೆ ಇರುವ ಸಮುದ್ರದಲ್ಲಿ ಒಳಗೆ ಇಷ್ಟು ಚಳಿ ಮಾಡುವುದೇಕೆ? ಕೋಣೆಯಲ್ಲಾದರೂ ಅದನ್ನು ಕಡಿಮೆ ಮಾಡಿಕೊಳ್ಳಬಹುದೇ? ಹಡಗಿನಲ್ಲಿ ಕೆಲಸ ಮಾಡಿ ಬಂದಿರುವ ಎಂಜಿನಿಯರ್ ಸರ್ ದಯವಿಟ್ಟು ತಿಳಿಸಬೇಕು.

ಉತ್ತರ (ಹವಾನಿಯಂತ್ರಣ ಎಂಜಿನಿಯರ್, ವಿಜಯನಗರ): ನಮಸ್ಕಾರ ಸರ್. ಪ್ರಯಾಣಿಕರ ಹಡಗುಗಳ ಎ.ಸಿ. ವಿಭಾಗದಲ್ಲಿ ಹಲವು ವರ್ಷ ದುಡಿದಿರುವ ನನಗೆ ಅತಿ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದೇ ಆಗಿರುವುದರಿಂದ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೆಂಗಳೂರಿನವರಾದ ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿ ಬದುಕುತ್ತೇವೆ. ಏಪ್ರಿಲ್ ತಿಂಗಳಲ್ಲಿ ಎ.ಸಿ. ಹಾಕಿದರೂ ಅದರಿಂದ ನಾವು ಬಯಸುವುದು ಬಿಸಿಯನ್ನು ತಗ್ಗಿಸುವುದನ್ನು ಮಾತ್ರ. ಆದರೆ ಉಷ್ಣವಲಯದ ಸಮುದ್ರದಲ್ಲಿ ಎ.ಸಿ.ಯ ದೊಡ್ಡ ಕೆಲಸ ಗಾಳಿಯಿಂದ ನೀರನ್ನು ಹಿಂಡಿ ತೆಗೆಯುವುದು. 30 ಡಿಗ್ರಿ ಬಿಸಿಯ, ಶೇಕಡಾ 80ರಷ್ಟು ಆರ್ದ್ರತೆಯ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಅದೇ ಗಾಳಿ 22 ಡಿಗ್ರಿಯಲ್ಲಿ, ಶೇಕಡಾ 50ರ ಆರ್ದ್ರತೆಯಲ್ಲಿ ಇರಬೇಕೆಂದರೆ ಅದರಲ್ಲಿ 10 ಗ್ರಾಂಗಿಂತ ಕಡಿಮೆ ಇರಬೇಕು. ಒಂದು ಸಣ್ಣ ಕ್ಯಾಬಿನ್ ತುಂಬುವಷ್ಟು, ಅಂದರೆ 35 ಘನ ಮೀಟರಿನಷ್ಟು ಹೊರಗಾಳಿಯನ್ನು ಒಳಗೆ ತಂದರೆ ಅದರಿಂದ ಅರ್ಧ ಲೀಟರ್ ನೀರನ್ನು ತೆಗೆಯಬೇಕಾಗುತ್ತದೆ. ಹಡಗಿನೊಳಗಿನ ಸಾವಿರಾರು ಜನರ ಉಸಿರಾಟಕ್ಕಾಗಿ ಹೊರಗಿನ ಗಾಳಿಯನ್ನು ಹಗಲೂ ರಾತ್ರಿಯೂ ತರುತ್ತಲೇ ಇರಬೇಕಾದ್ದರಿಂದ ಈ ಕೆಲಸಕ್ಕೆ ಬಿಡುವೇ ಇಲ್ಲ.

ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದನ್ನು ನೀವು ನೋಡಿರುತ್ತೀರಿ. ನಾವು ಮಾಡುವುದೂ ಅದನ್ನೇ: 6-7 ಡಿಗ್ರಿಯ ತಣ್ಣೀರು ಹರಿಯುವ ಸುರುಳಿ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿದಾಗ ತೇವವೆಲ್ಲ ಅಲ್ಲಿ ಹನಿಗಟ್ಟಿ ಇಳಿದುಹೋಗುತ್ತದೆ, ಗಾಳಿ ಒಣಗುತ್ತದೆ, ಆದರೆ ಒಣಗುವಷ್ಟರಲ್ಲಿ ಬಹಳ ತಣ್ಣಗಾಗಿಯೂ ಇರುತ್ತದೆ. ನಿಮ್ಮ ಅಕ್ಕನವರನ್ನು ನಡುಗಿಸಿದ್ದು ಹೀಗೆ ಒಣಗಿ ಬಂದ ಗಾಳಿಯೇ. ಸುರುಳಿಗಳನ್ನು ಅಷ್ಟು ತಂಪಾಗಿಡದೆ ಹೋದರೆ ಗಾಳಿಯಲ್ಲಿ ತೇವ ಉಳಿದು, ಎರಡೇ ದಿನದಲ್ಲಿ ಕಾರ್ಪೆಟ್ ಮುಗ್ಗಲು ವಾಸನೆ ಹೊಡೆಯುತ್ತದೆ. ಹಾಸಿಗೆಯ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಇಡೀ ಹಡಗಿನ ಎ.ಸಿ. ಕಡಿಮೆ ಮಾಡಿ ಎಂದು ಎಷ್ಟು ಕೇಳಿಕೊಂಡರೂ ಸಿಬ್ಬಂದಿ ಮಾಡಲಾರರು. ನಾವು ನೋಡಿಕೊಳ್ಳಬೇಕಾದದ್ದು ನಮ್ಮ ಮೈಗೆ ನೇರವಾಗಿ ಬಡಿಯುವ ಗಾಳಿಯನ್ನು ಮತ್ತು ನಮ್ಮ ಮೈಮೇಲಿರುವ ತೇವವನ್ನು.

ಈ ಎರಡನೆಯದನ್ನು ಜನ ಗಮನಿಸುವುದೇ ಇಲ್ಲ ಎಂಬುದು ನನ್ನ ಬಹುಕಾಲದ ಕೊರಗು. ಪೆನಾಂಗ್‌ನ ಬೀದಿಗಳಲ್ಲಿ ಎರಡು ಗಂಟೆ ಸುತ್ತಿ, ಬೆವರಿನಿಂದ ಒದ್ದೆಯಾದ ಹತ್ತಿ ಬಟ್ಟೆಯಲ್ಲೇ ನೇರವಾಗಿ ಊಟದ ಹಾಲಿಗೆ ಹೋಗಿ ಕುಳಿತರೆ, ಆ ಒಣಗಾಳಿ ಬಟ್ಟೆಯ ತೇವವನ್ನೆಲ್ಲ ಆರಿಸುತ್ತ ಮೈಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಅಮ್ಮನವರು ದಡದಿಂದ ಹಿಂತಿರುಗಿದ ಕೂಡಲೇ ಮೊದಲು ಕೋಣೆಗೆ ಹೋಗಿ, ಮೈ ಒರೆಸಿಕೊಂಡು, ಒಣಗಿದ ರವಿಕೆ ಮತ್ತು ಸೀರೆ ಉಟ್ಟು, ಆಮೇಲೆ ಊಟಕ್ಕೆ ಬರಲಿ. ಇದೊಂದನ್ನು ತಪ್ಪದೆ ಮಾಡಿದರೆ ಅವರ ಅರ್ಧ ಕಷ್ಟ ಕಳೆಯುತ್ತದೆ. ಪೂರ್ಣ ತೋಳಿನ ತೆಳು ಸ್ವೆಟರ್, ಕಾಲುಚೀಲ, ಒಂದು ಉಣ್ಣೆಯ ಶಾಲು, ಮಂಡಿಗೆ ಹಾಕುವ ನೀ ಕ್ಯಾಪ್ ಇವಿಷ್ಟು ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಏಕೆಂದರೆ ಹಡಗು ಹತ್ತುವ ದಿನ ನಮ್ಮ ಪೆಟ್ಟಿಗೆಗಳು ಕೋಣೆಗೆ ಬಂದು ಸೇರಲು ಹಲವು ಗಂಟೆ ಹಿಡಿಯುತ್ತದೆ.

ದೊಡ್ಡ ಹಾಲುಗಳ ವಿಷಯವೇ ಬೇರೆ. ಸುಮ್ಮನೆ ಕುಳಿತಿರುವ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಬರುತ್ತದೆ. ಸಾವಿರ ಜನ ಕೂರುವ ರಂಗಮಂದಿರದಲ್ಲಿ ಅದು 100 ಕಿಲೋವಾಟ್ ಆಗುತ್ತದೆ. ಅಂದರೆ, ನಮ್ಮ ಮನೆಗಳಲ್ಲಿರುವ ಒಂದೂವರೆ ಟನ್ನಿನ ಸುಮಾರು ಹತ್ತೊಂಬತ್ತು ಎ.ಸಿ.ಗಳು ಬಿಡುವಿಲ್ಲದೆ ಓಡಿದರೆ ಮಾತ್ರ ಜನರ ಮೈಬಿಸಿಯನ್ನು ಹೊರಹಾಕಲು ಸಾಧ್ಯ. ಅದಕ್ಕಾಗಿ ಜನ ಸೇರುವ ಮೊದಲೇ ಹಾಲನ್ನು ತಂಪು ಮಾಡಿ ಇಟ್ಟಿರುತ್ತಾರೆ, ಮುಂಚಿತವಾಗಿ ಹೋಗಿ ಕುಳಿತವರಿಗೆ ಚಳಿ ಹೆಚ್ಚು ತಾಗುತ್ತದೆ. ಅಮ್ಮನವರನ್ನು ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಕರೆದೊಯ್ಯಿರಿ. ತಂಪು ಗಾಳಿ ಕೆಳಕ್ಕೆ ಇಳಿಯುವ ಸ್ವಭಾವದ್ದು, ಆದ್ದರಿಂದ ಹಿಂದಿನ ಎತ್ತರದ ಸಾಲುಗಳು ಮುಂದಿನ ತಗ್ಗಿನ ಸಾಲುಗಳಿಗಿಂತ ಸಾಮಾನ್ಯವಾಗಿ ಹಿತವಾಗಿರುತ್ತವೆ. ಕೂರುವ ಮುನ್ನ ಒಮ್ಮೆ ತಲೆಯೆತ್ತಿ, ನೇರ ಮೇಲೆ ಗಾಳಿಯ ಜಾಲರಿ ಇದೆಯೇ ಎಂದು ನೋಡಿಕೊಳ್ಳಿ.

ಕೋಣೆಯಲ್ಲಿ ಗೋಡೆಯ ಮೇಲೆ ಒಂದು ಗುಂಡಿ ಇರುತ್ತದೆ, ಅದನ್ನು 24-25 ಡಿಗ್ರಿಗೆ ಇಟ್ಟು ತಾಳ್ಮೆಯಿಂದ ಕಾಯಿರಿ, ಪರಿಣಾಮ ತಿಳಿಯಲು ಅರ್ಧ ಗಂಟೆಯಾದರೂ ಬೇಕಾಗಬಹುದು. ಗಾಳಿ ಬರುವ ಕಿಂಡಿಯ ದಿಕ್ಕನ್ನು ಹಾಸಿಗೆಯಿಂದ ಬೇರೆಡೆಗೆ ತಿರುಗಿಸಲು ಕೋಣೆ ನೋಡಿಕೊಳ್ಳುವವರನ್ನು ಕೇಳಿ, ಇನ್ನೊಂದು ದಪ್ಪ ಹೊದಿಕೆಯನ್ನೂ ಕೇಳಿ, ಹಿಂಜರಿಯಬೇಡಿ. ಕಿಂಡಿಗೆ ಮಾತ್ರ ಟವೆಲ್ ತುರುಕಬೇಡಿ.

ಪ್ರಶ್ನೆ (ರಾಜಾಜಿನಗರದ ಸದಸ್ಯೆ): ಸರ್, ನಮಗೆ ಬಾಲ್ಕನಿ ಇರುವ ಕೋಣೆ ಸಿಕ್ಕಿದೆ. ಚಳಿಯಾದರೆ ಬಾಲ್ಕನಿಯ ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಮಲಗಬಹುದಲ್ಲವೇ? ಸಮುದ್ರದ ಗಾಳಿಯೂ ಸಿಕ್ಕಂತಾಗುತ್ತದೆ.

ಉತ್ತರ (ಎಂಜಿನಿಯರ್): ದಯವಿಟ್ಟು ಬೇಡ ಮೇಡಂ. ಬಾಲ್ಕನಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಕುಳಿತಿರಿ, ಆದರೆ ಬಾಗಿಲು ನಿಮ್ಮ ಬೆನ್ನ ಹಿಂದೆ ಮುಚ್ಚಿರಲಿ. ಹೊರಗಾಳಿ ಒಳನುಗ್ಗಿದರೆ ಅದರಲ್ಲಿರುವ ತೇವವೆಲ್ಲ ತಣ್ಣಗಿರುವ ಗೋಡೆ, ಕನ್ನಡಿ, ಮೇಲಿನ ಜಾಲರಿಗಳ ಮೇಲೆ ಹನಿಗಟ್ಟುತ್ತದೆ. ಒಮ್ಮೆ, ಕೋಣೆಯ ಮಾಳಿಗೆ ಸೋರುತ್ತಿದೆ, ಕೊಳವೆ ಒಡೆದಿದೆ ಎಂಬ ದೂರು ಬಂದು, ರಾತ್ರಿ ಎರಡು ಗಂಟೆಗೆ ಉಪಕರಣಗಳ ಸಮೇತ ಓಡಿದ್ದೆ. ಕೊಳವೆಗೆ ಏನೂ ಆಗಿರಲಿಲ್ಲ. ಬಾಗಿಲನ್ನು ಕುರ್ಚಿ ಕೊಟ್ಟು ತೆರೆದಿಟ್ಟಿದ್ದರು, ನೀರು ಹೊರಗಿನ ಗಾಳಿಯಿಂದಲೇ ಬಂದಿತ್ತು. ಅನೇಕ ಹಡಗುಗಳಲ್ಲಿ ಬಾಲ್ಕನಿಯ ಬಾಗಿಲು ತೆರೆದ ಕೂಡಲೇ ಕೋಣೆಯ ಎ.ಸಿ. ತಾನಾಗಿ ನಿಲ್ಲುವ ಏರ್ಪಾಡೂ ಇದೆ. ಆಗ ಚಳಿ ಹೋಗುತ್ತದೆ ನಿಜ, ಆದರೆ ಬೆಳಗಾಗುವಷ್ಟರಲ್ಲಿ ಹಾಸಿಗೆಯೇ ತೇವ ಹಿಡಿದಿರುತ್ತದೆ.

ಪ್ರಶ್ನೆ (ಜೆ.ಪಿ. ನಗರದ ಸದಸ್ಯೆ): ನನ್ನ ಎಂಟು ವರ್ಷದ ಮಗನಿಗೆ ಆಸ್ತಮಾ ಇದೆ. ಎ.ಸಿ. ಗಾಳಿಯಿಂದ ನೆಗಡಿಯಾಗಿ ಉಬ್ಬಸ ಕೆರಳೀತೇ ಎಂಬ ಆತಂಕ ನನ್ನದು.

ಉತ್ತರ (ಎಂಜಿನಿಯರ್): ಇದಕ್ಕೆ ನಮ್ಮ ಗುಂಪಿನ ಡಾಕ್ಟರ್ ಅವರೇ ಉತ್ತರಿಸಬೇಕು, ನಾನು ಹೇಳುವುದು ಸರಿಯಲ್ಲ.

ಉತ್ತರ (ಗುಂಪಿನ ವೈದ್ಯೆ, ಮಲ್ಲೇಶ್ವರ): ತಂಪು ಗಾಳಿ ತಾನಾಗಿ ನೆಗಡಿ ತರುವುದಿಲ್ಲ, ನೆಗಡಿಗೆ ವೈರಸ್ ಬೇಕು. ಆದರೆ ಆಸ್ತಮಾ ಇರುವವರಲ್ಲಿ ತಣ್ಣನೆಯ ಒಣಗಾಳಿ ಶ್ವಾಸನಾಳಗಳನ್ನು ಬಿಗಿಗೊಳಿಸಬಲ್ಲದು, ಆದ್ದರಿಂದ ನಿಮ್ಮ ಆತಂಕಕ್ಕೆ ಕಾರಣವಿದೆ. ಉಬ್ಬಸ ಬಂದಾಗ ಕೊಡುವ ಇನ್‌ಹೇಲರ್ ಮತ್ತು ಅದಕ್ಕೆ ಜೋಡಿಸುವ ಸ್ಪೇಸರ್ ಕೊಳವೆ ಸದಾ ನಿಮ್ಮ ಕೈಚೀಲದಲ್ಲಿರಲಿ, ಪ್ರತಿದಿನ ತೆಗೆದುಕೊಳ್ಳುವ ಔಷಧವನ್ನು ಪ್ರವಾಸದ ನೆಪದಲ್ಲಿ ಒಂದು ದಿನವೂ ತಪ್ಪಿಸಬೇಡಿ, ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಳ್ಳಿ. ಈಜುಕೊಳದಿಂದ ಎದ್ದ ಮಗು ಒದ್ದೆ ಬಟ್ಟೆಯಲ್ಲಿ ಒಳಗೆ ಓಡದಂತೆ ನೋಡಿಕೊಳ್ಳಿ. ಹೊರಡುವ ಮುನ್ನ ನಿಮ್ಮ ಮಕ್ಕಳ ವೈದ್ಯರನ್ನು ಒಮ್ಮೆ ಕಾಣುವುದು ಅಗತ್ಯ.

ಸೋಂಕಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆದು ನಿಲ್ಲಿಸಲಾಗಿದ್ದ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಮಂದಿಯಲ್ಲಿ 712 ಮಂದಿಗೆ ಕೋವಿಡ್ ತಗುಲಿತ್ತು. ಒಂದೇ ಸೂರಿನಡಿ ಬಹಳ ಜನ ಬಹಳ ಹೊತ್ತು ಕೂಡಿದ್ದಾಗ ಆಗುವುದು ಹೀಗೆ. ಹಡಗುಗಳಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್ ಮೇಲೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಊಟಕ್ಕೆ ಮುಂಚೆ ಮಗು ಸೋಪು ಹಾಕಿಯೇ ಕೈ ತೊಳೆಯಲಿ.

ಪ್ರಶ್ನೆ (ಯಲಹಂಕದ ಸದಸ್ಯರು): ಎರಡೇ ದಿನದಲ್ಲಿ ನನಗೆ ಗಂಟಲು ಮತ್ತು ಕಣ್ಣು ಒಣಗಿ ಉರಿಯುತ್ತವೆ. ಕೋಣೆಗೆ ಗಾಳಿಗೆ ತೇವ ಸೇರಿಸುವ ಸಣ್ಣ ಹ್ಯುಮಿಡಿಫೈಯರ್ ಒಯ್ಯಬಹುದೇ? ಕೆಟಲ್ ಕೂಡ ತೆಗೆದುಕೊಂಡು ಹೋಗುವ ಯೋಚನೆ ಇದೆ.

ಉತ್ತರ (ಎಂಜಿನಿಯರ್): ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇವನ್ನು ಬೆಂಕಿಯ ಅಪಾಯದಿಂದಾಗಿ ಹಡಗು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಬಿಸಿನೀರು ಬಫೆಯಲ್ಲಿ ದೊರೆಯುವುದರಿಂದ ಒಂದು ಒಳ್ಳೆಯ ಫ್ಲಾಸ್ಕ್ ಸಾಕು. ಹ್ಯುಮಿಡಿಫೈಯರ್ ಬೇಕಾಗುವುದೂ ಇಲ್ಲ: ವಿಮಾನದೊಳಗಿನ ಗಾಳಿಯ ಆರ್ದ್ರತೆ ಅನೇಕ ವೇಳೆ ಶೇಕಡಾ 20ಕ್ಕಿಂತ ಕೆಳಗಿದ್ದರೆ, ಹಡಗಿನ ಕೋಣೆಯಲ್ಲಿ ಅದು ಶೇಕಡಾ 50ರ ಆಸುಪಾಸಿನಲ್ಲಿರುತ್ತದೆ. ಬೆಂಗಳೂರಿನಿಂದ ಸಿಂಗಪುರದವರೆಗಿನ ನಾಲ್ಕೂವರೆ ಗಂಟೆಯ ವಿಮಾನದಲ್ಲೇ ನಿಮ್ಮ ಗಂಟಲು ಒಣಗಲು ಶುರುವಾಗಿರುತ್ತದೆ, ಆಮೇಲೆ ರಾತ್ರಿಯಿಡೀ ಮುಖಕ್ಕೆ ಗಾಳಿ ಬಡಿದರೆ ಅದು ಹೆಚ್ಚುತ್ತದೆ. ತಲೆ ಇಡುವ ದಿಕ್ಕನ್ನು ಬದಲಿಸಿ ಮಲಗಿ ನೋಡಿ.

ಉತ್ತರ (ವೈದ್ಯೆ): ಸಮುದ್ರದ ಓಲಾಟಕ್ಕೆಂದು ಅವೊಮಿನ್ ನುಂಗುವವರು, ಅಲರ್ಜಿಗೆ ಸೆಟ್ರಿಜಿನ್ ತೆಗೆದುಕೊಳ್ಳುವವರು ನೆನಪಿಡಬೇಕಾದ ಮಾತು: ಈ ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ತಪ್ಪನ್ನೆಲ್ಲ ಎ.ಸಿ. ಮೇಲೆ ಹಾಕುವ ಮುನ್ನ ಯಾವ ಮಾತ್ರೆ ತೆಗೆದುಕೊಂಡಿದ್ದೀರಿ ಎಂದು ನೋಡಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ನಾಲ್ಕು ದಿನ ಕನ್ನಡಕವನ್ನೇ ಬಳಸುವುದು ಮೇಲು.

ಪ್ರಶ್ನೆ (ಬಸವನಗುಡಿಯ ಸದಸ್ಯರು): ಇಬ್ಬರಿಗೂ ಅನಂತ ಧನ್ಯವಾದಗಳು. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಹಾಗಾದರೆ ದಡಕ್ಕೆ ಇಳಿಯದೆ ಒಳಗೇ ಇದ್ದುಬಿಡುತ್ತೇನೆ ಎನ್ನುತ್ತಿದ್ದಾರೆ, ಅದು ಸರಿಯೇ? ಇನ್ನೊಂದು, ಮಂಡಿಗೆ ರಬ್ಬರಿನ ಬಿಸಿನೀರಿನ ಚೀಲ ಒಯ್ಯಬಹುದೇ?

ಉತ್ತರ (ಎಂಜಿನಿಯರ್): ಇಳಿಯದೆ ಇರಬಾರದು ಸರ್. ದಿನವಿಡೀ ತಂಪಿನಲ್ಲೇ ಇದ್ದವರಿಗೆ ಹೊರಗಿನ ಸೆಕೆ ಇನ್ನಷ್ಟು ಕಠಿಣವಾಗುತ್ತದೆ. ಬೆಳಿಗ್ಗೆ ತಿಂಡಿಗೆ ಮುನ್ನ ಮತ್ತು ಸೂರ್ಯ ಮುಳುಗುವ ಹೊತ್ತಿಗೆ ನೆರಳಿರುವ ಡೆಕ್ಕಿನಲ್ಲಿ ಅವರನ್ನು ಒಂದೊಂದು ಗಂಟೆ ಕೂರಿಸಿ. ಒಳಗೆ ಬರುವಾಗ ನಡುವಿನ ಮೊಗಸಾಲೆಯಲ್ಲಿ ಐದು ನಿಮಿಷ ನಿಂತು ಬೆವರು ಆರಿಸಿಕೊಳ್ಳಲಿ. ಆ ಸಂಜೆಯ ಸಮುದ್ರವನ್ನು ನೋಡುವುದಕ್ಕೇ ಅಲ್ಲವೇ ನೀವು ಅವರನ್ನು ಕರೆದೊಯ್ಯುತ್ತಿರುವುದು?

ಉತ್ತರ (ವೈದ್ಯೆ): ಸೆಕೆಗೆ ದೇಹ ಪೂರ್ತಿ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು, ನಿಮಗಿರುವುದು ನಾಲ್ಕು ದಿನ. ಆದ್ದರಿಂದ ಫುಕೆಟ್‌ನಲ್ಲಿ ಮಧ್ಯಾಹ್ನದ ಬಿಸಿಲು ಬೇಡ, ನೀರಿನ ಬಾಟಲಿ ಮತ್ತು ಒಂದೆರಡು ಓ.ಆರ್.ಎಸ್. ಪೊಟ್ಟಣ ಜೊತೆಗಿರಲಿ. ಬಿಸಿನೀರಿನ ಚೀಲಕ್ಕೆ ವಿದ್ಯುತ್ ಬೇಕಿಲ್ಲವಾದ್ದರಿಂದ ಒಯ್ಯಲು ತೊಂದರೆಯಾಗದು, ಆದರೂ ಹೊರಡುವ ಮುನ್ನ ಹಡಗಿನವರ ಪಟ್ಟಿಯನ್ನು ನೋಡಿಕೊಳ್ಳಿ. ಕುದಿಯುವ ನೀರು ತುಂಬಬೇಡಿ, ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಇಪ್ಪತ್ತು ನಿಮಿಷಕ್ಕೆ ತೆಗೆದುಬಿಡಿ, ಮಲಗಿದಾಗ ಕಾಲ ಬಳಿ ಬಿಡಬೇಡಿ. ಅಮ್ಮನವರಿಗೆ ಸಕ್ಕರೆ ಕಾಯಿಲೆ ಇದೆಯೇ? ಇದ್ದರೆ ಪಾದದ ಸ್ಪರ್ಶ ಮಂದವಾಗಿ ಸುಟ್ಟದ್ದೂ ತಿಳಿಯದೆ ಹೋಗಬಹುದು. ಹಾಗಿದ್ದಲ್ಲಿ ಚೀಲವನ್ನು ಮನೆಯಲ್ಲೇ ಬಿಟ್ಟು, ಉಣ್ಣೆಯ ಕಾಲುಚೀಲ ಎರಡು ಜೊತೆ ಹೆಚ್ಚಿಗೆ ಇಡಿ.