ಓದುಗರ ಸ್ಪಂದನ: ‘ಯಾವ ಮುಖ ಹೊತ್ತು ಡಾಕ್ಟರ್ ಹತ್ತಿರ ಹೋಗಲಿ?’

ಕಳೆದ ಸಂಚಿಕೆಯಲ್ಲಿ ಬಳ್ಳಾರಿಯ ಶಿಕ್ಷಕಿಯೊಬ್ಬರ ಪತ್ರ ಪ್ರಕಟವಾಗಿತ್ತು. ಅವರಿಗೆ 41 ವರ್ಷ. 2021ರಲ್ಲಿ ಬೆಂಗಳೂರಿನಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ (ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯುವುದು) ಆಗಿದೆ. 112 ಕೆ.ಜಿ. ಇದ್ದವರು ಒಂದೂವರೆ ವರ್ಷದಲ್ಲಿ 71ಕ್ಕೆ ಇಳಿದರು. ಈಗ 93. ಎರಡು ವರ್ಷದಿಂದ ಆಸ್ಪತ್ರೆಗೆ ಹೋಗಿಲ್ಲ. ಫೈಲನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ ಎಂದು ಬರೆದಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಆಪರೇಷನ್ ಮಾಡಿದ ಡಾಕ್ಟರ್ ಮುಂದೆ ಯಾವ ಮುಖ ಹೊತ್ತು ಹೋಗಲಿ?’

ನಾವು ಎಣಿಸಿದ್ದಕ್ಕಿಂತ ಜಾಸ್ತಿ ಪತ್ರಗಳು ಬಂದಿವೆ. ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ. ಉದ್ದದ ಪತ್ರವೊಂದನ್ನು ಕತ್ತರಿಸಲು ಮನಸ್ಸು ಬರಲಿಲ್ಲ.

*

ಹೊಟ್ಟೆ ಕತ್ತರಿಸಬಹುದು, ನಾಲಿಗೆಯ ಚಪಲ ಕತ್ತರಿಸಲು ಆಗುವುದಿಲ್ಲ. ಗಂಡನ ದುಡ್ಡು ಹಾಳು, ಮೈಯೂ ಹಾಳು. ನಮ್ಮ ತಾಯಿ ಹೊಲದಲ್ಲಿ ದುಡಿದು ಎರಡು ರೊಟ್ಟಿ ತಿಂದು 84 ವರ್ಷ ಬದುಕಿದರು. ಮಕ್ಕಳಿಗೆ ಪಾಠ ಹೇಳುವವರು ಮೊದಲು ತಾವು ಬಾಯಿ ಕಟ್ಟಲಿ.

— ನಿವೃತ್ತ ನೌಕರ, ಸಿರುಗುಪ್ಪ

*

ಇಂಥ ಪತ್ರಗಳು ಇನ್ನೂ ನಾಲ್ಕು ಬಂದವು. ಶಿಕ್ಷಕಿ ಈ ಮಾತನ್ನು ಮನೆಯಲ್ಲಿ, ಶಾಲೆಯಲ್ಲಿ ಕೇಳುತ್ತಲೇ ಇದ್ದಾರೆ. ಅದಕ್ಕೇ ಒಂದನ್ನು ಮಾತ್ರ ಪ್ರಕಟಿಸಿದ್ದೇವೆ. ಅದೇ ಮಾತು ಒಬ್ಬರನ್ನು ಎಲ್ಲಿಗೆ ತಂದು ನಿಲ್ಲಿಸಿತು ಎನ್ನುವುದು ಮುಂದಿನ ಪತ್ರದಲ್ಲಿದೆ.

*

ತಂಗಿ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೀರೆ ಕೆಳಗಿನ ಫೈಲು ಅಂದೆಯಲ್ಲ, ನನ್ನದು ಅಕ್ಕಿ ಡಬ್ಬಿಯ ಹಿಂದೆ ಇತ್ತು.

ನನಗೆ ಈಗ 53. ತೂಕ ಇಳಿಸುವ ಬೈಪಾಸ್ ಆಪರೇಷನ್ ಆಗಿದ್ದು 2015ರಲ್ಲಿ, ಹೃದಯದ್ದಲ್ಲ, ಹೊಟ್ಟೆಯದು. ಆಗ 121 ಕೆ.ಜಿ. ಇದ್ದೆ. ಶುಗರ್ ಇತ್ತು, ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ. ಆಪರೇಷನ್ ಆಗಿ ಕೆಲವೇ ವಾರಗಳಲ್ಲಿ ಇನ್ಸುಲಿನ್ ನಿಂತಿತು. ಎರಡನೇ ವರ್ಷಕ್ಕೆ 78 ಆದೆ. ನಮ್ಮ ಓಣಿಯ ಟೇಲರ್ ನನ್ನ ಜಂಪರ್‌ಗಳನ್ನು ಮೂರು ಸಲ ಹಿಡಿದು ಹೊಲಿದ. ಮೂರನೇ ಸಲ ದುಡ್ಡು ತಗೊಳ್ಳಲಿಲ್ಲ, ‘ಅಕ್ಕಾ, ನಿಮ್ಮನ್ನ ನೋಡಿ ನನಗ ಖುಷಿ ಆಗೇತಿ’ ಅಂದ. ಹಳೇ ಜಂಪರ್‌ಗಳನ್ನೆಲ್ಲ ಗಂಟು ಕಟ್ಟಿ ಕೊಟ್ಟುಬಿಟ್ಟೆ. ಇನ್ನು ಬೇಕಾಗುವುದಿಲ್ಲ ಅಂತ ನಂಬಿದ್ದೆ.

2021ರ ಮೇ ತಿಂಗಳಲ್ಲಿ ನಮ್ಮ ಯಜಮಾನರು ಕೋವಿಡ್‌ನಲ್ಲಿ ಹೋದರು. ಆಮೇಲೆ ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು. ಎದ್ದು ಅಡುಗೆಮನೆಗೆ ಹೋಗಿ ಚಹಾ ಕಾಸುತ್ತಿದ್ದೆ, ಬಿಸ್ಕತ್ತು ಅದ್ದಿ ತಿನ್ನುತ್ತಿದ್ದೆ. ಹಸಿವಾಗಿ ಅಲ್ಲ. ಆ ಹೊತ್ತಿನಲ್ಲಿ ಕೈಗೆ ಏನಾದರೂ ಕೆಲಸ ಬೇಕಿತ್ತು.

ಜನ ತಿಳಿದಂತೆ ನಾನು ತಟ್ಟೆ ತುಂಬ ಉಂಡು ದಪ್ಪ ಆಗಲಿಲ್ಲ. ಉಣ್ಣಲು ಆಗುತ್ತಲೇ ಇರಲಿಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ ತಿಂದರೆ ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ಅದಕ್ಕೆ ಅವನ್ನೇ ಬಿಟ್ಟೆ. ಸುಲಭವಾಗಿ ಇಳಿಯುವುದು ಯಾವುದು? ಚಹಾ, ಬ್ರೆಡ್, ಖಾರ ಮಂಡಕ್ಕಿ, ಉಂಡಿ. ಹಿಡಿ ಹಿಡಿಯಾಗಿ ದಿನವಿಡೀ. ಸಣ್ಣ ಹೊಟ್ಟೆ ಅದನ್ನು ತಡೆಯುವುದಿಲ್ಲ, ಇದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

78 ಇದ್ದದ್ದು 101 ಆಯಿತು. ಮೈದುನನ ಮಗಳ ಮದುವೆಯಲ್ಲಿ ಎಲ್ಲರ ಎದುರಿಗೆ ಒಬ್ಬಾಕೆ, ‘ಯಾಕವ್ವ, ಮತ್ತ ಮೊದಲಿನಂಗ ಆದೆಲ್ಲ, ಅಷ್ಟು ರೊಕ್ಕ ನೀರಾಗ ಹೋತು’ ಅಂದಳು. ಅವತ್ತಿನಿಂದ ನಾನು ಯಾರ ಮದುವೆಗೂ ಹೋಗಲಿಲ್ಲ. ಗವಿಸಿದ್ಧೇಶ್ವರ ಜಾತ್ರೆಗೆ ಕೊಪ್ಪಳಕ್ಕೆ ಪ್ರತಿ ಜನವರಿ ಹೋಗಿ ದಾಸೋಹದಲ್ಲಿ ರೊಟ್ಟಿ ಬಡಿಸುತ್ತಿದ್ದವಳು, ಅದನ್ನೂ ಬಿಟ್ಟೆ. ಹೊಸ ಜಂಪರ್ ಅಳತೆ ಕೊಡಲು ನಮ್ಮ ಓಣಿಯ ಟೇಲರ್ ಹತ್ತಿರ ಹೋಗಲು ಕಾಲು ಬರಲಿಲ್ಲ. ಬಸ್ ಹತ್ತಿ ಕಾರಟಗಿಗೆ ಹೋಗಿ ಹೊಲಿಸಿಕೊಂಡು ಬಂದೆ.

ಆಪರೇಷನ್ ಆದಮೇಲೆ ಕೊಟ್ಟಿದ್ದ ಮಾತ್ರೆಗಳನ್ನೂ ಬಿಟ್ಟೆ. ಮೆಡಿಕಲ್ ಶಾಪ್‌ನವನು ‘ಇದು ಯಾಕೆ’ ಅಂತ ಕೇಳಿದರೆ ಏನು ಹೇಳಲಿ ಅನ್ನುವ ಸಂಕೋಚ. ಒಂದೂವರೆ ವರ್ಷಕ್ಕೆ ಪಾದ ಜುಮ್ಮೆನ್ನಲು ಶುರುವಾಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಊರಿನ ಡಾಕ್ಟರ್ ರಕ್ತ ನೋಡಿದರು. ಹಿಮೋಗ್ಲೋಬಿನ್ 6.4. ಅವರು ಗಾಬರಿಯಾಗಿ, ‘ಹಿಂದೆ ಹೊಟ್ಟೆಯ ಆಪರೇಷನ್ ಏನಾದರೂ ಆಗಿತ್ತಾ?’ ಅಂತ ಕೇಳಿದರು.

ನಾನು ಇಲ್ಲ ಅಂದೆ.

ಈ ಮಾತನ್ನು ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ಜೀವ ಹೋಗುವ ಸ್ಥಿತಿಯಲ್ಲಿ ಡಾಕ್ಟರ್ ಮುಂದೆ ಸುಳ್ಳು ಹೇಳಿದೆ, ತಂಗಿ. ನಿಜ ಹೇಳಿದರೆ ಅವರು ನನ್ನ ಮೈಯನ್ನು ಮೇಲಿಂದ ಕೆಳಗೆ ನೋಡುತ್ತಾರೆ ಅಂತ. ಪಕ್ಕದಲ್ಲಿದ್ದ ಮಗಳು ಬಾಯಿಬಿಟ್ಟಳು. ಬೈಪಾಸ್‌ನಲ್ಲಿ ಊಟ ಕರುಳಿನ ಮೊದಲ ಭಾಗವನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಮೈಗೆ ಕಬ್ಬಿಣ ಹೆಚ್ಚಾಗಿ ಸೇರುವುದೇ ಅಲ್ಲಿ. ಬಿ12 ವಿಟಮಿನ್ ಕೂಡ ಸರಿಯಾಗಿ ಹತ್ತುವುದಿಲ್ಲ. ಮಾತ್ರೆ ಬದುಕಿರುವವರೆಗೂ ಬೇಕು ಅಂತ ಡಿಸ್‌ಚಾರ್ಜ್ ಚೀಟಿಯಲ್ಲಿ ಬರೆದಿತ್ತು. ಚೀಟಿ ಅಕ್ಕಿ ಡಬ್ಬಿಯ ಹಿಂದೆ ಇತ್ತು. ಡ್ರಿಪ್‌ನಲ್ಲಿ ಕಬ್ಬಿಣ ಕೊಟ್ಟರು, ಬಿ12 ಇಂಜೆಕ್ಷನ್ ಕೊಟ್ಟರು. ಎಡಗಾಲಿನ ಎರಡು ಬೆರಳುಗಳಿಗೆ ಇವತ್ತಿಗೂ ಸ್ಪರ್ಶ ಪೂರಾ ಬಂದಿಲ್ಲ.

ಆಮೇಲೆ ಮಗಳು ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿ ಬೆಂಗಳೂರಿಗೆ ಕರೆದುಕೊಂಡು ಹೋದಳು. ರಾತ್ರಿಯೆಲ್ಲ ಬರ್ತ್‌ನಲ್ಲಿ ಮಲಗಿ, ಡಾಕ್ಟರ್ ಬೈದರೆ ಏನು ಉತ್ತರ ಕೊಡಲಿ ಅಂತ ಜೋಡಿಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ‘ಮಾತ್ರೆ ಯಾವಾಗ ನಿಲ್ಲಿಸಿದಿರಿ?’ ಅಂದರು. ‘ಮನೆಯಲ್ಲಿ ಏನಾಯಿತು?’ ಅಂದರು. ಕೊಳವೆ ಹಾಕಿ ಒಳಗೆ ನೋಡಿದರು. ಹೊಟ್ಟೆ ಹಿಗ್ಗಿರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಹಿಗ್ಗಿರಲಿಲ್ಲ.

ಈಗ 92 ಇದ್ದೇನೆ. 78 ಮತ್ತೆ ಆಗಲಿಕ್ಕಿಲ್ಲ, ಡಾಕ್ಟರೂ ಹಾಗೆ ಆಸೆ ಹುಟ್ಟಿಸಲಿಲ್ಲ. ಶುಗರ್‌ಗೆ ಒಂದು ಮಾತ್ರೆ ಸಾಕಾಗಿದೆ, ಸೂಜಿ ಇಲ್ಲ. ರೊಟ್ಟಿ, ಕಾಳನ್ನು ಮತ್ತೆ ಶುರು ಮಾಡಿದ್ದೇನೆ, ಅಗಿದು ಅಗಿದು, ನಿಧಾನಕ್ಕೆ. ರಾತ್ರಿ ಎರಡಕ್ಕೆ ಈಗಲೂ ಎಚ್ಚರವಾಗುತ್ತದೆ. ಆಗ ಮಗಳಿಗೆ ಫೋನ್ ಮಾಡಲು ಅವಳೇ ಹೇಳಿದ್ದಾಳೆ. ಮಾಡುತ್ತೇನೆ.

— ಓದುಗಿ, ಗಂಗಾವತಿ

*

ಇವರಿಗೆ ನಮ್ಮ ವಂದನೆ. ಮುಂದಿನ ಪತ್ರ ಆಹಾರ ತಜ್ಞೆಯೊಬ್ಬರದು.

*

ಮೊದಲು ಒಂದು ಲೆಕ್ಕ ಸರಿ ಮಾಡೋಣ. ನೀವು 71ರಿಂದ 93ಕ್ಕೆ ಎಣಿಸುತ್ತಿದ್ದೀರಿ. 112ರಿಂದ ಎಣಿಸಿ. ಇವತ್ತಿಗೂ ನೀವು 19 ಕೆ.ಜಿ. ಕಡಿಮೆ ಇದ್ದೀರಿ.

ತೂಕ ಒಂದಷ್ಟು ವಾಪಸ್ ಬರುವುದು ಸಾಮಾನ್ಯ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ 100ಕ್ಕೆ 32ರಷ್ಟು ತೂಕ ಇಳಿಸಿದ್ದರು. ಹತ್ತು ವರ್ಷದ ಹೊತ್ತಿಗೆ ಅದು 25ಕ್ಕೆ ಬಂದಿತ್ತು. ಅವರೆಲ್ಲ ಬಾಯಿಚಪಲದವರಾ? ತೂಕ ಇಳಿದಾಗ ದೇಹ ಅದನ್ನು ಬರಗಾಲ ಅಂದುಕೊಳ್ಳುತ್ತದೆ. ಸುಮ್ನೆ ಕೂತಾಗ ಉರಿಸುವ ಶಕ್ತಿಯನ್ನೂ ಕಡಿಮೆ ಮಾಡುತ್ತದೆ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯುತ್ತಾರೆ, ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ತಯಾರಾಗುವ ಮುಖ್ಯ ಜಾಗವೂ ಅದರ ಜೊತೆ ಹೋಗುತ್ತದೆ. ಹಾಗಾಗಿ ಮೊದಮೊದಲು ಹಸಿವು ತುಂಬ ಕಡಿಮೆ ಇರುತ್ತದೆ. ಆಮೇಲೆ ಹಸಿವು ನಿಧಾನಕ್ಕೆ ಮರಳುತ್ತದೆ, ಅದು ನಿಮ್ಮ ತಪ್ಪಲ್ಲ.

ಮಾಡಬೇಕಾದ್ದು ಇಷ್ಟು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ, ಉಳಿದದ್ದಕ್ಕೆ ಹೆಸರುಕಾಳು, ಮೊಸರು, ಸೋಯಾ. ತಟ್ಟೆಯಲ್ಲಿ ಇದನ್ನೇ ಮೊದಲು ತಿನ್ನಿ, ಅನ್ನ ಕೊನೆಗೆ. ಊಟದ ಜೊತೆ ನೀರು ಬೇಡ, ಮುಗಿದು ಅರ್ಧ ಗಂಟೆ ಆದ ಮೇಲೆ ಕುಡಿಯಿರಿ. ನಮ್ಮ ಕಡೆ ಶೇಂಗಾ ಇಲ್ಲದೆ ಅಡುಗೆ ಇಲ್ಲ, ಬಿಡಿ ಅನ್ನುವುದಿಲ್ಲ. ಆದರೆ 100 ಗ್ರಾಂ ಶೇಂಗಾದಲ್ಲಿ 560ಕ್ಕಿಂತ ಜಾಸ್ತಿ ಕ್ಯಾಲೊರಿ ಇದೆ. ಚಟ್ನಿಪುಡಿಯನ್ನು ಚಮಚದಲ್ಲಿ ಅಳೆದು ಹಾಕಿಕೊಳ್ಳಿ. ನಡೆಯುವುದಾದರೆ ಬೆಳಗ್ಗೆ ಆರರೊಳಗೆ ಮುಗಿಸಿ. ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರಿನ ಎಂಟು ಗಂಟೆಯ ಬಿಸಿಲಿನಲ್ಲಿ ಯಾರೂ ನಡೆಯಲು ಆಗುವುದಿಲ್ಲ.

— ಆಹಾರ ತಜ್ಞೆ, ರಾಯಚೂರು

*

ಇನ್ನೊಂದು ಆಪರೇಷನ್ ಯಾಕೆ ಮಾಡಿಸಬಾರದು? ನನ್ನ ಕಸಿನ್‌ಗೆ ಸ್ಲೀವ್ ಆದಮೇಲೆ ಎದೆಯುರಿ ತಡೆಯಲು ಆಗದೆ ಅದನ್ನೇ ಬೈಪಾಸ್‌ಗೆ ಬದಲಾಯಿಸಿದರು. ಇಲ್ಲದಿದ್ದರೆ ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆ, ವಾರಕ್ಕೆ ಒಂದು. ತಗೊಂಡರೆ ಮುಗಿಯಿತು.

— ಸಾಫ್ಟ್‌ವೇರ್ ಉದ್ಯೋಗಿ, ಬಳ್ಳಾರಿ

*

ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳು 2025ರಲ್ಲಿ ಭಾರತಕ್ಕೆ ಬಂದಿರುವುದು ನಿಜ. ಆಪರೇಷನ್ ಆದಮೇಲೆ ತೂಕ ಮರಳಿದವರಿಗೂ ಡಾಕ್ಟರುಗಳು ಇಂಥ ಔಷಧಿ ಕೊಡುವುದುಂಟು. ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ ಎನ್ನುವುದೂ ನಿಜ. ಯಾವುದು ಸರಿ ಎಂದು ಹೇಳಲು ಅವರನ್ನು ಪರೀಕ್ಷೆ ಮಾಡಿದವರೇ ಆಗಬೇಕು. ಅಂದರೆ ಶಿಕ್ಷಕಿ ಕೇಳಿದ ಬಾಗಿಲಿಗೇ ಮತ್ತೆ ಬಂದೆವು.

*

ನಾನು ಆ ಅಕ್ಕನಿಗೆ ಬರೆಯುತ್ತಿಲ್ಲ, ಅವರ ಯಜಮಾನರಿಗೆ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೂ ಆಪರೇಷನ್ ಆಗಿದೆ. ಸಾಲ ಮಾಡಿದ್ದೆ. ತೂಕ ಮತ್ತೆ ಏರಿದಾಗ, ಅವಳು ಊಟಕ್ಕೆ ಕೂತರೆ ಸಾಲದ ಕಂತು ನೆನಪಿಸುತ್ತಿದ್ದೆ. ಅವಳು ನನ್ನೆದುರು ಊಟ ಮಾಡುವುದನ್ನೇ ಬಿಟ್ಟಳು. ನಾನು ಡ್ಯೂಟಿಗೆ ಹೋದಮೇಲೆ ತಿನ್ನುತ್ತಿದ್ದಳು ಅಂತ ಮಗ ಹೇಳಿದ. ಎಂಟು ವರ್ಷದ ಹುಡುಗ, ಅಮ್ಮ ಕದ್ದು ತಿನ್ನುತ್ತಾಳೆ ಅಂತ ಹೇಳಿದ. ಆ ದಿನ ನನಗೆ ನನ್ನ ತಪ್ಪು ಗೊತ್ತಾಯಿತು. ಸರ್, ಅವರ ತಟ್ಟೆ ನೋಡಬೇಡಿ. ರಜೆ ಹಾಕಿ, ಅವರ ಜೊತೆ ಆಸ್ಪತ್ರೆಗೆ ಹೋಗಿ.

— ಕಾರ್ಖಾನೆ ನೌಕರ, ತೋರಣಗಲ್ಲು

*

ನನ್ನ ಮಗಳಿಗೆ 23. ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ, 88 ಕೆ.ಜಿ. ಎರಡು ಸಂಬಂಧ ದಪ್ಪ ಅಂತ ಬಿಟ್ಟುಹೋದವು. ಮದುವೆಗೆ ಮೊದಲು ಈ ಆಪರೇಷನ್ ಮಾಡಿಸಿಬಿಡೋಣ ಅಂತಿದ್ದೆವು. ಈಗ ನಿಮ್ಮ ಪತ್ರ ಓದಿ ಹೆದರಿಕೆ ಆಗಿದೆ. ಏನು ಮಾಡಲಿ?

— ತಾಯಿ, ಕುಷ್ಟಗಿ

*

ಈ ತಾಯಿಯ ಪ್ರಶ್ನೆ ಬೇರೆ, ಮುಂದಿನ ತಿಂಗಳು ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತೇವೆ. ಸದ್ಯಕ್ಕೆ ಒಂದು ಮಾತು: ಆಪರೇಷನ್ ಆದಮೇಲೆ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು ಎಂದು ಡಾಕ್ಟರುಗಳು ಹೇಳುತ್ತಾರೆ. ನಿರ್ಧಾರ ಮಾಡುವಾಗ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

*

ಓದುತ್ತಿರುವ ಗಂಡಸರಿಗೆ ಒಂದು ಮಾತು. ಬೈಪಾಸ್ ಆದಮೇಲೆ ನಾನು ಊಟ ಬಿಟ್ಟೆ, ಕುಡಿತ ಹಿಡಿದೆ. ಮೊದಲು ಮೂರು ಪೆಗ್‌ಗೆ ಏರುತ್ತಿದ್ದದ್ದು ಈಗ ಒಂದಕ್ಕೇ ತಲೆಗೆ ಹೋಗುತ್ತದೆ. ಅದರಲ್ಲಿಯೂ ಕ್ಯಾಲೊರಿ ಇದೆ. ಏಳು ತಿಂಗಳಿಂದ ಮುಟ್ಟಿಲ್ಲ. ನಿಮಗೂ ಹೀಗಾಗಿದ್ದರೆ ಡಾಕ್ಟರ್‌ಗೆ ಹೇಳಿ, ಮುಚ್ಚಿಡಬೇಡಿ.

— ವ್ಯಾಪಾರಿ, ಮಾನ್ವಿ

*

ಶಿಕ್ಷಕಿ ಕೇಳಿದ ಪ್ರಶ್ನೆಗೇ ನೇರವಾಗಿ ಉತ್ತರ ಕೊಟ್ಟ ಪತ್ರ ಒಂದೇ ಒಂದು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇವೆ.

*

ಮೇಡಂ, ನಾನು ಸಿಂಧನೂರಿನವಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ತೂಕ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ.

ವಾಪಸ್ ಬರುವವರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಅವರು ಲಿಫ್ಟ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಕೆಲವರು ಮತ್ತೆ ಕೆಳಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ಮಷಿನ್ ಹತ್ತುವ ಮೊದಲು ಬಳೆ ತೆಗೆಯುತ್ತಾರೆ, ವಾಚ್ ತೆಗೆಯುತ್ತಾರೆ, ಹೇರ್‌ಪಿನ್ ಕೂಡ. ಒಬ್ಬರು ತಾಳಿ ಸರವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದರು.

ನೀವು ಒಬ್ಬರೇ ಅಂದುಕೊಂಡಿದ್ದೀರಿ. ಫಾಲೋ ಅಪ್ ದಿನ ಬೆಂಚಿನ ಮೇಲೆ ಕೂತವರಲ್ಲಿ ತೂಕ ವಾಪಸ್ ಬಂದವರು ಯಾವಾಗಲೂ ಇರುತ್ತಾರೆ. ಅವರವರೇ ಮಾತಾಡಿಕೊಳ್ಳುತ್ತಾರೆ, ಫೋನ್ ನಂಬರ್ ಬದಲಾಯಿಸಿಕೊಳ್ಳುತ್ತಾರೆ.

ಹೋಗುವ ಮೊದಲು ಫೋನ್ ಮಾಡಿ. ‘ಎರಡು ವರ್ಷದಿಂದ ಬಂದಿಲ್ಲ, ತೂಕ ಹೆಚ್ಚಾಗಿದೆ’ ಅಂತ ಫೋನಿನಲ್ಲಿಯೇ ಹೇಳಿಬಿಡಿ. ಎದುರಿಗೆ ಹೇಳುವುದಕ್ಕಿಂತ ಅದು ಸುಲಭ. ಆಗ ನೀವು ಒಳಗೆ ಬರುವ ಹೊತ್ತಿಗೆ ನಮಗೆ ಗೊತ್ತಿರುತ್ತದೆ. ರಕ್ತ ಪರೀಕ್ಷೆಗೆ ಎಷ್ಟು ಗಂಟೆ ಖಾಲಿ ಹೊಟ್ಟೆ ಬೇಕು ಅಂತಲೂ ಆಗಲೇ ಕೇಳಿಕೊಳ್ಳಿ. ಮೊದಲ ಟೋಕನ್ ಕೊಡಿ ಅನ್ನಿ, ಬೆಳಗ್ಗೆ ಜನ ಕಡಿಮೆ. ಹಳೇ ಫೈಲ್ ತನ್ನಿ, ಸುಕ್ಕಾಗಿದ್ದರೂ ಪರವಾಗಿಲ್ಲ.

ನಂಬರ್ ನೋಡಲು ಭಯ ಅನಿಸಿದರೆ ಮಷಿನ್‌ಗೆ ಬೆನ್ನು ಮಾಡಿ ನಿಲ್ಲಿ. ತುಂಬ ಜನ ಹಾಗೇ ನಿಲ್ಲುತ್ತಾರೆ. ನಾವು ಬರೆದುಕೊಳ್ಳುತ್ತೇವೆ, ಬಾಯಿಬಿಟ್ಟು ಓದುವುದಿಲ್ಲ. ಬಳೆ ತೆಗೆಯಬೇಡಿ.

— ನರ್ಸ್, ಬೆಂಗಳೂರು