ದಾವಣಗೆರೆಯಲ್ಲಿ ಆಡಿಟ್ ಡ್ಯೂಟಿ, ಅದೇ ವಾರ 30 ಕಿ.ಮೀ. ಓಟ: ಎಲ್ಲಿ ಓಡಲಿ?

ಕುಕ್ಕರಹಳ್ಳಿ ಓಟಗಾರ್ತಿ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ವಯಸ್ಸು 43, ಬ್ಯಾಂಕ್ ಆಡಿಟ್ ಕೆಲಸ. ಡಿಸೆಂಬರ್ ಕೊನೆಯಲ್ಲಿ ಮೊದಲು ಚಿತ್ರದುರ್ಗದ ಒಂದು ಬ್ರಾಂಚಿಗೆ, ಅದು ಮುಗಿದ ಮೇಲೆ ದಾವಣಗೆರೆಯ ಇನ್ನೊಂದಕ್ಕೆ ಹಾಕಿದ್ದಾರೆ. ಜನವರಿ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್. ಹಾಫ್ ಮ್ಯಾರಥಾನ್ ಓಡಿ ಅಭ್ಯಾಸ ಇದೆ, ಪೂರ್ತಿ 42.195 ಕಿ.ಮೀ. ಇದೇ ಮೊದಲು. ತರಬೇತಿಯ ಅತಿ ಉದ್ದದ ಓಟ ರೇಸಿಗೆ ಮೂರು ವಾರ ಇರುವಾಗ ಆಗಬೇಕು, ಆಮೇಲೆ ವಾರದಿಂದ ವಾರಕ್ಕೆ ಕಡಿಮೆ ಮಾಡುತ್ತಾ ಬರಬೇಕು. ಆ 30 ಕಿ.ಮೀ. ಓಟ ಸರಿಯಾಗಿ ದಾವಣಗೆರೆಯಲ್ಲಿರುವ ಭಾನುವಾರಕ್ಕೇ ಬಿದ್ದಿದೆ.

ಬಿಡುವ ಮನಸ್ಸು ಖಂಡಿತ ಇಲ್ಲ. ತಿಂಗಳಲ್ಲಿ ಅರ್ಧ ಊರೂರು ತಿರುಗುವ ಕೆಲಸ ನನ್ನದು. ಊಟದ ಹೊತ್ತು ನನ್ನ ಕೈಲಿಲ್ಲ, ಹಾಸಿಗೆ ನನ್ನದಲ್ಲ, ದಿನವಿಡೀ ನೋಡುವುದು ಇನ್ನೊಬ್ಬರ ಲೆಕ್ಕ. ಬೆಳಗಿನ ಓಟ ಒಂದೇ ನನ್ನದು ಅಂತ ಉಳಿದಿರುವುದು. ಆಡಿಟ್ ಫೈಲು ಇರುವ ಬ್ಯಾಗಿನಲ್ಲೇ ಶೂ ಇಟ್ಟುಕೊಂಡು ಹೋಗುತ್ತೇನೆ.

ನನಗೆ ಗಾಬರಿ ದೂರದ್ದಲ್ಲ, ಊರು ಗೊತ್ತಿಲ್ಲದ್ದು. ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ದಾರಿಯ ಒಂದೊಂದು ಬೇರೂ ಕಾಲಿಗೆ ಗೊತ್ತು. ದಾವಣಗೆರೆಯಲ್ಲಿ ಪಿ.ಬಿ. ರಸ್ತೆಯ ಲಾಡ್ಜಿನಲ್ಲಿ ರೂಮು ಸಿಗುತ್ತದೆ. ಕಿಲೋಮೀಟರಿಗೆ ಏಳು ನಿಮಿಷದ ಲೆಕ್ಕದಲ್ಲಿ ಮೂರೂವರೆ ಗಂಟೆ ಬೇಕು, ಅಂದರೆ ಕತ್ತಲಲ್ಲೇ ಹೊರಡಬೇಕು. ಹೆಂಗಸು ಒಬ್ಬಳೇ ಓಡಬಹುದಾದ ದಾರಿ ಯಾವುದು? ಬೀದಿನಾಯಿ ಹೇಗೆ? ನೀರು ಎಲ್ಲಿ ಸಿಗುತ್ತದೆ? ಮ್ಯಾಪ್ ನೋಡಿದರೆ ಚಿತ್ರದುರ್ಗದ ಕಡೆ ಹೋಗುವ ಹೆದ್ದಾರಿಯ ಸರ್ವೀಸ್ ರಸ್ತೆ ನೇರವಾಗಿ ಕಾಣುತ್ತದೆ, ಅದರಲ್ಲಿ ಹೋಗಿ ಬರಬಹುದಾ?

ದುರ್ಗದ ಹೈದ:

ಅಕ್ಕಾ, ಸರ್ವೀಸ್ ರೋಡು ಬೇಡವೇ ಬೇಡ. ಎನ್‌ಎಚ್ 48 ಅಂದ್ರೆ ರಾತ್ರಿಯೆಲ್ಲಾ ಲಾರಿ. ಸರ್ವೀಸ್ ರೋಡಲ್ಲಿ ಲಾರಿ ನಿಲ್ಲಿಸಿ ಡ್ರೈವರ್‌ಗಳು ಮಲಗಿರ್ತಾರೆ, ಎದುರು ದಿಕ್ಕಿಂದ ಬೈಕು ಬರ್ತವೆ, ಕತ್ತಲಲ್ಲಿ ಯಾವುದೂ ಕಾಣಲ್ಲ. ಸುಗ್ಗಿ ಟೈಮಲ್ಲಿ ಅದರ ಮೇಲೇ ಮೆಕ್ಕೆಜೋಳ ಹರಡಿರ್ತಾರೆ.

ನಾನು ಹೇಳೋದು ನೀವು ಮೊದಲು ನಮ್ಮೂರಿಗೆ ಬರ್ತೀರಲ್ಲ, ಅದನ್ನ ಸುಮ್ನೆ ಕಳೀಬೇಡಿ. ಜೋಗಿಮಟ್ಟಿ ರಸ್ತೆ ಐತೆ. ಊರಿಂದ ತುದಿಗೆ ಹತ್ತು ಕಿ.ಮೀ. ಹತ್ತಿರ. ಊರು ಇರೋದು 730 ಮೀಟರ್ ಎತ್ತರದಲ್ಲಿ, ಜೋಗಿಮಟ್ಟಿ ತುದಿ ಅದಕ್ಕಿಂತ ನೂರಾರು ಮೀಟರ್ ಮೇಲೆ. ಪೂರ್ತಿ ಹತ್ತೋದು ಬೇಡ, ಮೇಲೆ ವನ್ಯಜೀವಿಧಾಮ, ಕರಡಿ ಚಿರತೆ ಓಡಾಡೋ ಕಾಡು, ಅರಣ್ಯ ಇಲಾಖೆ ಗೇಟಿನ ಟೈಮಿಗೆ ಕಾಯಬೇಕು. ಬೆಳಕಾದ ಮೇಲೆ ಹೊರಟು ದಾರಿಯಲ್ಲೇ ಸಿಗೋ ಆಡುಮಲ್ಲೇಶ್ವರದ ಮೃಗಾಲಯದವರೆಗೆ ಹೋಗಿ ತಿರುಗಿ ಬನ್ನಿ, ಸಾಕು. ಮುಂಬೈಯಲ್ಲಿ ಪೆಡರ್ ರೋಡ್ ಏರು ಕೊನೆಯ ಹತ್ತು ಕಿ.ಮೀ. ಒಳಗೇ ಬರುತ್ತೆ, ಕಾಲು ಸೋತ ಮೇಲೆ. ಅದಕ್ಕೆ ನಮ್ಮ ಏರು ಒಳ್ಳೆ ತಯಾರಿ.

ಕೋಟೆ ಒಳಗೆ ಓಡೋಕೆ ಹೋಗಬೇಡಿ. ಏಳು ಸುತ್ತು ಅಂತ ಆಸೆ ಆಗುತ್ತೆ, ಆದ್ರೆ ಆ ಕಲ್ಲಿನ ಮೆಟ್ಟಿಲು ಸವೆದು ನುಣ್ಣಗಾಗಿದಾವೆ, ಪಾದ ಹೊರಳಿದ್ರೆ ಮುಂಬೈ ಹೋಯ್ತು. ಸಂಜೆ ಆಡಿಟ್ ಮುಗಿಸಿ ಚಂದ್ರವಳ್ಳಿ ಕಡೆ ನಿಧಾನಕ್ಕೆ ನಡೆದು ಬನ್ನಿ. ಕೆರೆ ಪಕ್ಕದ ಬಂಡೆ ಮೇಲೆ ಮಯೂರಶರ್ಮನ ಶಾಸನ ಐತೆ. ನಾನು ಚಿಕ್ಕವನಿದ್ದಾಗಿಂದ ನೋಡ್ತಾ ಇದೀನಿ, ಇವತ್ತಿಗೂ ಅಲ್ಲಿ ನಿಂತ್ರೆ ಮೈ ಜುಮ್ ಅನ್ನುತ್ತೆ.

ಹರಿಹರದ ಸೈಕಲ್:

ಕೊಂಡಜ್ಜಿ ರಸ್ತೆ ನೋಡಿ ಮೇಡಂ. ಆವರಗೊಳ್ಳ, ಕಕ್ಕರಗೊಳ್ಳ ಮೇಲೆ ಕೊಂಡಜ್ಜಿಗೆ ಸುಮಾರು 14 ಕಿ.ಮೀ. ಹೋಗಿ ಬಂದರೆ 28, ಊರೊಳಗೆ ಇನ್ನೆರಡು ಸೇರಿಸಿದರೆ ನಿಮ್ಮ ಲೆಕ್ಕ ಸರಿಹೋಯಿತು. ಎರಡೂ ಕಡೆ ಹೊಲ, ಕೊನೆಗೆ ಕೆರೆ, ಗುಡ್ಡ, ಸ್ಕೌಟ್ ಕ್ಯಾಂಪು. ಭಾನುವಾರ ಸೈಕಲ್‌ನಲ್ಲಿ ನಾನು ಹೋಗುವುದು ಅದೇ ದಾರಿ.

ಬೆಣ್ಣೆನಗರಿಯ ಟೀಚರ್:

ಸೈಕಲ್ ಅಣ್ಣಾರೆ, ಕೊಂಡಜ್ಜಿ ದಾರಿ ಚೆಂದ ಐತಿ, ಇಲ್ಲ ಅನ್ನಲ್ಲ. ಆದ್ರೆ ನೀವು ಗಂಡಸ್ರು, ಸೈಕಲ್ ಮೇಲೆ ಹೋಗೋರು. ಒಬ್ಬಳೇ ಹೆಂಗಸು ಕತ್ತಲಲ್ಲಿ ಊರಿಂದ 14 ಕಿ.ಮೀ. ದೂರ ಹೋದ್ಮೇಲೆ ಹೊಟ್ಟೆ ಕೆಟ್ರೆ, ಪಾದ ಉಳುಕಿದ್ರೆ ಏನ್ ಮಾಡಬೇಕು? ವಾಪಸ್ ಬರೋದೂ 14 ಕಿ.ಮೀ.ನೇ. ಗೊತ್ತಿಲ್ಲದ ಊರಲ್ಲಿ ಹೋಗಿ ಬರೋ ದಾರಿ ಹಿಡೀಬಾರದು, ಸುತ್ತು ಹಿಡೀಬೇಕು. ಎಲ್ಲಿ ನಿಂತ್ರೂ ಚೀಲ, ನೀರು, ಜನ ಹತ್ತಿರ ಇರಬೇಕು. ನಾನು ಹೈಸ್ಕೂಲ್ ಟೀಚರ್, ಎಸ್‌ಎಸ್‌ಎಲ್‌ಸಿ ಪೇಪರ್ ವ್ಯಾಲ್ಯುಯೇಷನ್, ತರಬೇತಿ ಅಂತ ಬೇರೆ ಜಿಲ್ಲೆಗೆ ಹೋದಾಗೆಲ್ಲ ಇದನ್ನೇ ಪಾಲಿಸ್ತೀನಿ.

ಅಕ್ಕಾರೆ, ನೀವು ಕುಂದವಾಡ ಕೆರೆಗೆ ಬರ್ರಿ. ಊರಿಗೆ ಕುಡಿಯೋ ನೀರಿನ ಕೆರೆ ಅದು, ಭದ್ರಾ ನಾಲೆಯಿಂದ ತುಂಬ್ತಾರೆ. ಏರಿ ಮೇಲೆ ವಾಕಿಂಗ್ ದಾರಿ ಐತಿ, ಹತ್ತಿರದಾಗೆ ಗಾಜಿನಮನೆ. ಐದೂವರೆಗೆಲ್ಲ ವಾಕಿಂಗ್ ಜನ ಬಂದೇ ಇರ್ತಾರೆ: ರಿಟೈರ್ಡ್ ಆದೋರು, ಸ್ವೆಟರ್ ಮೇಲೆ ಮಫ್ಲರ್ ಸುತ್ಕೊಂಡ ಅಜ್ಜಂದಿರು, ಜೋಡಿಯಾಗಿ ಬರೋ ಹೆಣ್ಮಕ್ಕಳು. ಎರಡನೇ ಸುತ್ತಿಗೇ ನಿಮ್ಮ ಗುರ್ತು ಹಿಡೀತಾರೆ, ನಾಲ್ಕನೇದಕ್ಕೆ ‘ಇನ್ನೂ ಎಷ್ಟೈತವ್ವಾ’ ಅಂತ ಕೇಳ್ತಾರೆ. ಆ ಮಾತು ಕಾಲಿಗೆ ಎಷ್ಟು ಶಕ್ತಿ ಕೊಡತ್ತೆ ಅಂತ ಓಡಿದೋರಿಗೇ ಗೊತ್ತು. ಮೊದಲ ಸುತ್ತಿಗೆ ವಾಚಲ್ಲಿ ಎಷ್ಟು ಬರುತ್ತೆ ನೋಡ್ಕೊಂಡ್ರೆ ಎಷ್ಟು ಸುತ್ತು ಬೇಕು ಅಂತ ಅಲ್ಲೇ ಲೆಕ್ಕ ಹಾಕ್ಬಹುದು. ಎರಡು ಸುತ್ತಿಗೊಮ್ಮೆ ದಿಕ್ಕು ಬದಲಾಯಿಸ್ರಿ, ಒಂದೇ ಕಡೆ ತಿರುಗ್ತಾ ಇದ್ರೆ ಸೊಂಟ ಹಿಡಿಯುತ್ತೆ. ಊರೊಳಗಿನ ರೋಡು ಈಗ ಬಹಳಷ್ಟು ಕಾಂಕ್ರೀಟ್ ಆಗಿದಾವೆ, ಮೂರೂವರೆ ತಾಸು ಅದರ ಮೇಲೆ ಓಡಿದ್ರೆ ಮೊಣಕಾಲಿಗೆ ಹೊಡ್ತ.

ಇನ್ನೊಂದು. ನೀವು ಭಾನುವಾರ ಅಂತ ಯಾಕೆ ಅಂದ್ಕೊಂಡೀರಿ? ಈ ಸಲ ಅದರ ಹಿಂದಿನ ದಿನ ಡಿಸೆಂಬರ್ ನಾಲ್ಕನೇ ಶನಿವಾರ, ಬ್ಯಾಂಕ್ ರಜಾ. ಶನಿವಾರ ಓಡ್ರಿ, ಭಾನುವಾರ ಕಾಲು ಚಾಚಿ ಮಲಗ್ರಿ, ಸೋಮವಾರ ಬ್ರಾಂಚಲ್ಲಿ ಮೆಟ್ಟಿಲು ಹತ್ತೋಕೆ ಕಾಲು ಬರುತ್ತೆ. ಹಿಂದಿನ ದಿನ ಸಂಜೆ ಆಟೋದಾಗೆ ಹೋಗಿ ಕೆರೆ ನೋಡ್ಕೊಂಡು ಬರ್ರಿ. ಬೆಳಕಿದ್ದಾಗ ಒಮ್ಮೆ ಕಣ್ಣಾರೆ ನೋಡಿದ ದಾರಿ ಕತ್ತಲಲ್ಲಿ ಹೆದರಿಸಲ್ಲ.

ಲಾಡ್ಜ್ ವಿಷಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ರಾತ್ರಿ ಶಟರ್ ಎಳೆದು ಒಳಗೆ ಹುಡುಗ ಮಲಗಿರ್ತಾನೆ. ರಾತ್ರಿನೇ ರಿಸೆಪ್ಷನ್‌ನಾಗೆ ನಾಲ್ಕೂಮುಕ್ಕಾಲಿಗೆ ಹೊರಡ್ತೀನಿ ಅಂತ ಹೇಳಿ, ಆ ಹುಡುಗನಿಗೂ ಹೇಳ್ರಿ. ಬಿಸಿನೀರು ಎಷ್ಟು ಗಂಟೆ ತನಕ ಅಂತ ಕೇಳ್ರಿ, ಬಹಳ ಕಡೆ ಒಂಬತ್ತಕ್ಕೆ ಬಂದ್ ಮಾಡ್ತಾರೆ. ಕೆಳಗಿನ ಮಹಡಿ ರೂಮು ಕೇಳಿ ತಗೊಳ್ರಿ.

ಕುಕ್ಕರಹಳ್ಳಿ ಓಟಗಾರ್ತಿ:

ಟೀಚರ್, ನಾಲ್ಕನೇ ಶನಿವಾರ ನನಗೆ ಹೊಳೆದೇ ಇರಲಿಲ್ಲ! ಆದರೆ ಶುಕ್ರವಾರ ಚಿನ್ನದ ಸಾಲದ ಪರಿಶೀಲನೆ ಇಟ್ಟುಕೊಂಡಿದ್ದೇನೆ. ಸ್ಟ್ರಾಂಗ್ ರೂಮಿನಲ್ಲಿ ನಿಂತು ಒಂದೊಂದೇ ಪ್ಯಾಕೆಟ್ ಬಿಚ್ಚಿಸಿ, ಸೀಲು ನೋಡಿ, ತೂಕ ಹಾಕಿಸಿ, ಲೆಡ್ಜರಿಗೆ ತಾಳೆ ಹಾಕಬೇಕು. ಕಿಟಕಿ ಇಲ್ಲ, ಗಾಳಿ ಇಲ್ಲ, ನೀರು ಒಳಗೆ ತರುವ ಹಾಗಿಲ್ಲ. ಸಂಜೆ ಹೊತ್ತಿಗೆ ಪಾದ ಊದಿಕೊಂಡಿರುತ್ತದೆ. ಮಾರನೇ ದಿನ 30 ಓಡಬಹುದಾ? ಓಡುವಾಗ ಏನು ತಿನ್ನಲಿ? ಓಟಗಾರರು ತಿನ್ನುವ ಎನರ್ಜಿ ಜೆಲ್ ನನ್ನ ಹೊಟ್ಟೆಗೆ ಆಗುವುದಿಲ್ಲ.

ಡಾಕ್ಟರ್ ಓಟಗಾರ:

ಚಿನ್ನದ ಪರಿಶೀಲನೆಯನ್ನು ಗುರುವಾರಕ್ಕೆ ತರಲು ಸಾಧ್ಯವಾದರೆ ತನ್ನಿ, ಆಡಿಟರ್ ನೀವೇ ಅಲ್ಲವೇ. ಆಗದಿದ್ದರೆ ಗಂಟೆಗೊಮ್ಮೆ ಹೊರಗೆ ಬಂದು ನೀರು ಕುಡಿದು, ಐದು ನಿಮಿಷ ನಡೆದಾಡಿ. ರಾತ್ರಿ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ಮಲಗಿ. ದಿನವಿಡೀ ನಿಂತು ಬರುವ ಊತ ಸಾಮಾನ್ಯವಾಗಿ ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಒಂದೇ ಕಾಲು ಊದಿ ನೋವಿದ್ದರೆ, ಓಟ ಬಿಟ್ಟು ವೈದ್ಯರಿಗೆ ತೋರಿಸಿ.

ತಿನ್ನುವುದಕ್ಕೆ ಜೆಲ್ಲೇ ಬೇಕೆಂದಿಲ್ಲ. ಇಷ್ಟು ಹೊತ್ತಿನ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಅದರ ಜೊತೆ ಎರಡು ಮೂರು ಖರ್ಜೂರ ಸೇರಿದರೆ ಆ ಗಂಟೆಗೆ ಸಾಕು. ಹಸಿವಾಗುವವರೆಗೆ ಕಾಯಬೇಡಿ, ಮೊದಲ ಮುಕ್ಕಾಲು ಗಂಟೆಯೊಳಗೆ ಶುರು ಮಾಡಿ. ಓಆರ್‌ಎಸ್ ತೆಗೆದುಕೊಳ್ಳುವುದಾದರೆ ಡಬ್ಲ್ಯುಎಚ್‌ಒ ಸೂತ್ರ ಎಂದು ಬರೆದ ಪುಡಿಯ ಪೊಟ್ಟಣ ಕೊಳ್ಳಿ, ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಬೇಡ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಅರ್ಧ ಲೀಟರ್ ಬಾಟಲಿಗೇ ಸುರಿಯುವವರನ್ನು ದಿನಾ ನೋಡುತ್ತೇನೆ, ಅದು ತಪ್ಪು. ಬರೀ ನೀರನ್ನೇ ಬಾಯಾರಿಕೆ ಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದೂ ಅಪಾಯವೇ. ಮುನ್ನೆಚ್ಚರಿಕೆ ಅಂತ ಓಟಕ್ಕೆ ಮೊದಲು ನೋವಿನ ಮಾತ್ರೆ ನುಂಗಬೇಡಿ. ನೀರು ಕಡಿಮೆಯಾದ ಮೈಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಿದ್ದರೆ ಹೊಡೆತ ಮೂತ್ರಪಿಂಡಕ್ಕೆ.

ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಕಣ್ಣಿಗೆ ಕಣ್ಣು ಕೊಡದೆ ನಿಧಾನ ನಡೆದು ದಾಟಿ. ಕಚ್ಚಿತೋ, ಗಾಯ ಸಣ್ಣದಿರಲಿ ದೊಡ್ಡದಿರಲಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು. ಇದರಲ್ಲಿ ನಾಳೆ ನೋಡೋಣ ಅನ್ನುವ ಮಾತೇ ಇಲ್ಲ.

ಬೆಣ್ಣೆನಗರಿಯ ಟೀಚರ್:

ಡಾಕ್ಟ್ರು ಹೇಳಿದ್ದಕ್ಕೆ ನಮ್ಮೂರಿಂದು ಒಂದು ಸೇರಿಸ್ತೀನಿ. ಶುಕ್ರವಾರ ಸಂಜೆ ಬ್ರಾಂಚಿನೋರು ಪ್ರೀತಿಯಿಂದ ಮಂಡಕ್ಕಿ ಮಿರ್ಚಿ ತರಿಸ್ತಾರೆ, ದಾವಣಗೆರೆ ಅಂದ್ಮೇಲೆ ತರಿಸ್ದೇ ಬಿಡಲ್ಲ. ಮಂಡಕ್ಕಿ ಒಂದು ಹಿಡಿ ತಿನ್ರಿ, ಮಿರ್ಚಿ ಮುಟ್ಟಬ್ಯಾಡ್ರಿ. ರಾತ್ರಿ ಅನ್ನ, ತಿಳಿಸಾರು, ಮೊಸರು. ಬೆಣ್ಣೆದೋಸೆ ಓಟ ಮುಗಿದ ಮೇಲೆ. ಕಾವಲಿ ಮೇಲೆ ಬೆಣ್ಣೆ ಬಿದ್ದ ಘಮಕ್ಕೇ ಅರ್ಧ ಸುಸ್ತು ಇಳೀತದೆ, ಜೊತೆಗೆ ತೆಂಗಿನಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ. ಆಗ ಎರಡಲ್ಲ ಮೂರು ತಿಂದ್ರೂ ಯಾರೂ ಏನೂ ಅನ್ನಲ್ಲ.

ಆ ಹೊತ್ತಲ್ಲಿ ನಮ್ಮಲ್ಲಿ ಚಳಿ ಇರುತ್ತೆ, ಸೂರ್ಯ ಹುಟ್ಟೋದೇ ಆರೂಮುಕ್ಕಾಲಿಗೆ. ಹಳೇ ಫುಲ್ ತೋಳಿನ ಟೀಶರ್ಟ್ ಒಂದು ಮೇಲೆ ಹಾಕ್ಕೊಂಡು ಬರ್ರಿ, ಮೈ ಬಿಸಿಯಾದ್ಮೇಲೆ ಸೊಂಟಕ್ಕೆ ಕಟ್ಕೊಳ್ರಿ. ತಲೆಗೆ ಕಟ್ಟೋ ಟಾರ್ಚ್ ಇದ್ರೆ ತರ್ರಿ.

ಒಬ್ಬರೇ ಓಡಬ್ಯಾಡ್ರಿ ಅಂತ ಹೇಳಿ ಸುಮ್ನೆ ಕೂರೋಳಲ್ಲ ನಾನು. ಶನಿವಾರ ನಮಗೆ ಬೆಳಗಿನ ಸ್ಕೂಲು, ಏಳಕ್ಕೆ ನಾನು ಮನೆಗೆ ಹೋಗಬೇಕು. ಐದರಿಂದ ಏಳರವರೆಗೆ ನಿಮ್ಮ ಜೊತೆ ಓಡ್ತೀನಿ, ಕತ್ತಲು ಇರೋದೂ ಅಷ್ಟು ಹೊತ್ತೇ. ಆಮೇಲೆ ಕೆರೆ ತುಂಬ ಜನ, ನೀವು ನಿಶ್ಚಿಂತೆಯಿಂದ ಉಳಿದದ್ದು ಮುಗಿಸ್ರಿ. ಮನೆಯೋರು ಸ್ಕೂಟರ್‌ನಾಗೆ ನೀರು, ಬಾಳೆಹಣ್ಣು ತಂದು ಗೇಟ್ ಹತ್ರ ಇರ್ತಾರೆ. ಓಡುವಾಗ ಮಾತಾಡೋಕೆ ಆಗುವಷ್ಟು ನಿಧಾನ ಇರಬೇಕಲ್ವಾ, ನಾನು ಮಾತಾಡ್ತಾನೇ ಇರ್ತೀನಿ, ವೇಗ ತಾನಾಗೇ ಸರಿಯಾಗುತ್ತೆ.

ಹರಿಹರದ ಸೈಕಲ್:

ಟೀಚರ್ ಮಾತೇ ಸರಿ, ಒಪ್ಪಿದೆ. ಕೊಂಡಜ್ಜಿಗೆ ಇನ್ನೊಮ್ಮೆ ಬನ್ನಿ ಮೇಡಂ, ಹಗಲು ಹೊತ್ತಲ್ಲಿ ನಾಲ್ಕು ಜನ ಸೇರಿ ಹೋಗೋಣ. ಏಳು ಗಂಟೆಗೆ ನಾನು ಸೈಕಲ್ ತಗೊಂಡು ಕೆರೆಗೆ ಬರ್ತೀನಿ, ಕೊನೆಯ ಸುತ್ತುಗಳಲ್ಲಿ ಪಕ್ಕದಲ್ಲಿ ಇರ್ತೀನಿ.

ಕುಕ್ಕರಹಳ್ಳಿ ಓಟಗಾರ್ತಿ:

ಗುರುತೇ ಇಲ್ಲದ ಊರಿನಿಂದ ಇಷ್ಟು ಸಿಕ್ಕಿತು ಅಂತ ಮನೆಯಲ್ಲಿ ಓದಿ ಹೇಳಿದೆ. ಅಮ್ಮನಿಗೆ ಈಗ ಸಮಾಧಾನ, ಅವರು ಮೊದಲಿಂದ ಬೇಡ ಅನ್ನುತ್ತಿದ್ದರು. ಹೀಗೆ ಅಂದುಕೊಂಡಿದ್ದೇನೆ: ಚಿತ್ರದುರ್ಗದಲ್ಲಿ ಮಂಗಳವಾರ ಆಡುಮಲ್ಲೇಶ್ವರದವರೆಗೆ ಏರು, ಬುಧವಾರ ಚಂದ್ರವಳ್ಳಿಗೆ ನಡಿಗೆ. ಮ್ಯಾನೇಜರಿಗೆ ಇವತ್ತೇ ಮೇಲ್ ಹಾಕಿ ಚಿನ್ನದ ಪರಿಶೀಲನೆ ಗುರುವಾರಕ್ಕೆ ತಂದೆ, ಒಪ್ಪಿದ್ದಾರೆ. ಶುಕ್ರವಾರ ಸಾಲದ ಕಾಗದಪತ್ರ, ಅದು ಕೂತು ಮಾಡುವ ಕೆಲಸ. ಶನಿವಾರ ಐದಕ್ಕೆ ಕೆರೆ ಗೇಟು. ಟೀಚರ್, ಪಿ.ಬಿ. ರಸ್ತೆಯಿಂದ ಅಷ್ಟು ಹೊತ್ತಿಗೆ ಆಟೋ ಸಿಗುತ್ತಾ?

ಬೆಣ್ಣೆನಗರಿಯ ಟೀಚರ್:

ಬಸ್‌ಸ್ಟ್ಯಾಂಡ್ ಮುಂದೆ ರಾತ್ರಿ ಬಸ್ಸಿಗೆ ಬರೋರನ್ನ ಕಾಯೋ ಆಟೋ ಇರ್ತಾವೆ. ಆದ್ರೂ ಅದನ್ನ ನಂಬ್ಕೊಂಡು ನಿಲ್ಲಬ್ಯಾಡ್ರಿ. ಲಾಡ್ಜ್ ಹೆಸರು ಮೆಸೇಜ್ ಮಾಡ್ರಿ, ನಾಲ್ಕೂಮುಕ್ಕಾಲಿಗೆ ನಾವೇ ಬಂದು ಕರ್ಕೊಂಡು ಹೋಗ್ತೀವಿ.