ಮೈಸೂರು–ಚೆನ್ನೈ ವಿಮಾನ: ಮುಕ್ಕಾಲು ಗಂಟೆಯೋ, ಒಂದೂವರೆ ಗಂಟೆಯೋ?

ಕೇಳಿದವರು, ಕುವೆಂಪುನಗರ: ಅಮ್ಮನಿಗೆ 71 ವರ್ಷ. ಕಣ್ಣಿನ ರೆಟಿನಾ (ಒಳಪರದೆ) ತೋರಿಸೋಕೆ ಚೆನ್ನೈಗೆ ಕರ್ಕೊಂಡು ಹೋಗಬೇಕು. ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಚೆನ್ನೈ ಸುಮಾರು 390 ಕಿ.ಮೀ., ಮುಕ್ಕಾಲು ಗಂಟೆ ಅಂತ ಒಂದು ಕಡೆ ಓದಿದೆ. ಟಿಕೆಟ್ ನೋಡಿದರೆ ಒಂದೂಕಾಲು ಗಂಟೆಗೂ ಮೇಲಿದೆ. ಯಾವುದು ಸರಿ? ರೈಲಿಗಿಂತ ವಿಮಾನವೇ ವಾಸಿನಾ? ಹೋಗಿಬಂದವರು ದಯವಿಟ್ಟು ಹೇಳಿ.

ನಂಜನಗೂಡಿನಿಂದ: ಕೆಲಸದ ಮೇಲೆ ಆಗಾಗ ಹೋಗಿಬರ್ತೀನಿ ಸರ್. ಎರಡು ಲೆಕ್ಕವೂ ಸರಿಯೇ. 390 ಅನ್ನೋದು ನೇರ ಗೆರೆ ಎಳೆದ ದೂರ. ಮಂಡಕಳ್ಳಿ ರನ್‌ವೇ ಇರೋದು 1,740 ಮೀಟರ್. ಪಕ್ಕದಲ್ಲೇ ನಂಜನಗೂಡು ಹೆದ್ದಾರಿ, ರೈಲು ಹಳಿ, ಹಾಗಾಗಿ ಉದ್ದ ಮಾಡೋದು ಸುಲಭವಲ್ಲ. ದೊಡ್ಡ ಜೆಟ್ ಇಳಿಯೋಕಾಗಲ್ಲ ಅಂತ ಎಟಿಆರ್ 72 ಬರುತ್ತೆ, ರೆಕ್ಕೆಯಲ್ಲಿ ಫ್ಯಾನ್ ತಿರುಗೋ ವಿಮಾನ. ಜೆಟ್ ಗಂಟೆಗೆ 800 ಕಿ.ಮೀ. ಓಡಿದರೆ ಇದು 500ರ ಆಸುಪಾಸು. ಭಾಗಿಸಿದರೆ 47 ನಿಮಿಷ ಬಂತು. ಆದರೆ ಟಿಕೆಟ್‌ನಲ್ಲಿರೋದು ಇಲ್ಲಿ ಕದಲಿದಾಗಿನಿಂದ ಅಲ್ಲಿ ನಿಲ್ಲೋವರೆಗಿನ ಹೊತ್ತು. ಏರುವಾಗ, ಇಳಿಯುವಾಗ ಆ ವೇಗ ಇರಲ್ಲ, ಚೆನ್ನೈಯಲ್ಲಿ ಇಳಿಯೋಕೆ ಸರದಿ ಬೇರೆ. ಪಡುವಣ ಗಾಳಿ ಬೀಸೋ ದಿನ ಊರು ದಾಟಿ, ಸಮುದ್ರದ ಮೇಲೆ ತಿರುಗಿ ಬಂದು ಇಳಿಯುತ್ತೆ. ಕಿಟಕಿಯಲ್ಲಿ ನೀಲಿ ನೀರು ಕಂಡರೆ ಇನ್ನೊಂದು ಸ್ವಲ್ಪ ಹೊತ್ತು ಅಂತ ಅಮ್ಮನಿಗೆ ಹೇಳಿ.

ಮನೆಯಿಂದ ಆಸ್ಪತ್ರೆವರೆಗೆ ನಾಲ್ಕೂವರೆ ಗಂಟೆ ಇಟ್ಕೊಳ್ಳಿ. ಎಟಿಆರ್ ಬಾಗಿಲು ಹಿಂದುಗಡೆ ಇರುತ್ತೆ, ಹಿಂದಿನ ಸೀಟು ತಗೊಂಡರೆ ನಡೆಯೋದು ಕಮ್ಮಿ. ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹಾಕಿಬಿಡಿ. ಅಲ್ಲಿ ನಿಲ್ದಾಣದಿಂದಲೇ ಮೆಟ್ರೋ ಇದೆ.

ಸರಸ್ವತಿಪುರಂನಿಂದ: ನನ್ನ ಓಟು ರೈಲಿಗೆ. ವಂದೇ ಭಾರತ್ 2022ರ ನವೆಂಬರ್‌ನಲ್ಲಿ ಶುರುವಾಯ್ತು, ಆರೂವರೆ ಗಂಟೆ. ನಮ್ಮತ್ತೆಗೆ ಪದೇ ಪದೇ ಬಾತ್‌ರೂಮಿಗೆ ಎದ್ದು ಹೋಗಬೇಕು, ಕಾಲು ಚಾಚಬೇಕು. ವಿಮಾನದಲ್ಲಿ ಉಳಿಯೋ ಹೊತ್ತಿಗಿಂತ ಅವರಿಗೆ ಅದೇ ಹಿತವಾಯ್ತು. ಬೆಂಗಳೂರಿನಿಂದ ವಿಮಾನ ಹಿಡಿಯೋ ಯೋಚನೆ ಮಾತ್ರ ಬೇಡ. ದೇವನಹಳ್ಳಿ ಮುಟ್ಟೋಕೇ ನಾಲ್ಕು ಗಂಟೆ ಹೋಗುತ್ತೆ.

ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿದ್ದವರು, ಚಾಮರಾಜನಗರ: ಎಲ್ಲರೂ ಹೋಗೋದರ ಬಗ್ಗೆ ಹೇಳ್ತಿದ್ದೀರಿ, ನನಗೆ ಬರೋದರ ಚಿಂತೆ. ರೆಟಿನಾ ಆಪರೇಷನ್‌ನಲ್ಲಿ ಕೆಲವರಿಗೆ ಕಣ್ಣೊಳಗೆ ಗ್ಯಾಸ್ ತುಂಬುತ್ತಾರೆ. ಅದು ಕರಗೋವರೆಗೆ ವಿಮಾನ ಹತ್ತಲೇಬಾರದು. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಗ್ಯಾಸ್ ಹಿಗ್ಗುತ್ತೆ, ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಯಾವ ಗ್ಯಾಸ್ ಅನ್ನೋದರ ಮೇಲೆ ಎರಡರಿಂದ ಎಂಟು ವಾರ ಬೇಕಾಗುತ್ತೆ. ಹಾರಾಟ ಎಷ್ಟೇ ಚಿಕ್ಕದಿರಲಿ, ಈ ಅಪಾಯ ತಪ್ಪಿದ್ದಲ್ಲ. ರೈಲಿಗೂ ಡಾಕ್ಟರನ್ನು ಕೇಳಿಯೇ ಹೊರಡಿ: ಚೆನ್ನೈ ಸಮುದ್ರಮಟ್ಟದಲ್ಲಿದೆ, ಮೈಸೂರು 760 ಮೀಟರ್ ಎತ್ತರದಲ್ಲಿದೆ. ಬರೀ ತೋರಿಸಿ ಬರೋದಾದರೆ ಏನೂ ಭಯವಿಲ್ಲಪ್ಪ.

ಕೇಳಿದವರು: ಮೇಡಂ, ಗ್ಯಾಸ್ ವಿಚಾರ ಯಾರೂ ಹೇಳಿರಲಿಲ್ಲ, ಕೈಮುಗಿದೆ. ಹೋಗೋಕೆ ಮಾತ್ರ ವಿಮಾನ ಮಾಡಿಸ್ತೀನಿ, ಹಿಂದಿನ ಸೀಟೇ. ವಾಪಸ್ ಟಿಕೆಟ್ ಡಾಕ್ಟರ್ ನೋಡಿದ ಮೇಲೆ.